ಸಿಗಡಿ ಕೃಷಿಯ ನಷ್ಟದ ಹಿಂದಿರುವ ಜೀವವಿಷ

ಸಿಗಡಿ ಸಾಕಣೆದಾರರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೆಳೆ ಕೈಕೊಟ್ಟ ವರ್ಷದಲ್ಲಿಯೇ 'ಔಷಧ ಮತ್ತು ರಾಸಾಯನಿಕಗಳು' ಎಂಬ ಶೀರ್ಷಿಕೆಯ ವೆಚ್ಚ ಏರಿರುತ್ತದೆ. ರೋಗ ಬಂದಾಗ ಔಷಧ ಹಾಕುವುದು ಸಹಜವೇ. ಆದರೆ ಕೆಲವು ರೋಗಗಳಲ್ಲಿ ಸಿಗಡಿಯನ್ನು ಕೊಲ್ಲುವುದು ಬ್ಯಾಕ್ಟೀರಿಯ ಸ್ರವಿಸುವ ವಿಷ. ಇದನ್ನರಿಯದೆ ಮಾಡಿದ ವೆಚ್ಚ ನೀರಿನಲ್ಲಿ ಮಾಡಿದ ಹೋಮದಂತಾಗುತ್ತದೆ.

ಇದಕ್ಕೆ ಉತ್ತಮ ನಿದರ್ಶನ ಇಎಂಎಸ್ ಎಂದು ಹೆಸರಾದ ರೋಗ. 2009ರಲ್ಲಿ ಚೀನಾದ ಕೊಳಗಳಲ್ಲಿ, ಮರಿ ಬಿಟ್ಟ ತಿಂಗಳೊಳಗೆ ಸಿಗಡಿಗಳು ಸಾಮೂಹಿಕವಾಗಿ ಸಾಯತೊಡಗಿದವು. ಪಿಡುಗು ವಿಯೆಟ್ನಾಂ, ಮಲೇಷ್ಯಾಗಳನ್ನು ದಾಟಿ 2012ರ ವೇಳೆಗೆ ಥಾಯ್ಲೆಂಡ್‌ಗೂ, 2013ರಲ್ಲಿ ಮೆಕ್ಸಿಕೋಗೂ ತಲುಪಿತು. ಥಾಯ್ಲೆಂಡಿನ ಉತ್ಪಾದನೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ವಾರ್ಷಿಕ ಜಾಗತಿಕ ನಷ್ಟ 100 ಕೋಟಿ ಡಾಲರ್ ಮೀರಿದೆಯೆಂದು ಉದ್ಯಮ ವಲಯವು ಆಗ ಅಂದಾಜಿಸಿತ್ತು.

ಕಾರಣವನ್ನು 2013ರಲ್ಲಿ ಪತ್ತೆ ಮಾಡಿದವರು ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ಅವರ ತಂಡದವರು. ಅಪರಾಧಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ, ಉಪ್ಪುನೀರಿನಲ್ಲಿ ಎಲ್ಲೆಡೆ ಕಾಣಸಿಗುವ ಬ್ಯಾಕ್ಟೀರಿಯ. ಅದನ್ನು ಬೆಳೆಸಿದ ದ್ರವದಿಂದ ಬ್ಯಾಕ್ಟೀರಿಯಗಳನ್ನು ಸೋಸಿ ತೆಗೆದು, ಉಳಿದ ದ್ರವವನ್ನಷ್ಟೇ ಸಿಗಡಿಯ ಒಡಲಿಗೆ ಸೇರಿಸಿದಾಗಲೂ ಅದೇ ಹಾನಿ ಕಂಡುಬಂದಿತು. ಜೀವಿಯಿಲ್ಲದೆಯೂ ರೋಗಲಕ್ಷಣ ಉಂಟಾಯಿತೆಂದರೆ ಕೆಲಸ ಮಾಡಿದ್ದು ವಿಷವೇ.

ಹಾಗಾದರೆ ಎಲ್ಲ ಕೊಳಗಳಲ್ಲೂ ಈ ರೋಗ ಏಕಿಲ್ಲ? ವಿಷದ ಸೂತ್ರ ಬ್ಯಾಕ್ಟೀರಿಯದ ಮುಖ್ಯ ವರ್ಣತಂತುವಿನಲ್ಲಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದೆ. ಉಂಗುರವಿರುವ ತಳಿ ಮಾತ್ರ ಅಪಾಯಕಾರಿ. ಅದು ವಿಬ್ರಿಯೊದ ಇತರ ಪ್ರಭೇದಗಳಲ್ಲಿಯೂ ಕಂಡುಬಂದಿದೆ. ಉಂಗುರವನ್ನು ಕಳೆದುಕೊಂಡ ಬ್ಯಾಕ್ಟೀರಿಯವೇ ಸಾಯುವಂತಹ ಏರ್ಪಾಡೂ ಅದರಲ್ಲಿದೆ. ಸಾಲಗಾರನನ್ನು ಬಿಡದ ಒತ್ತೆಪತ್ರದಂತೆ!

ವಿಷದಲ್ಲಿ ಪಿರ್-ಎ, ಪಿರ್-ಬಿ ಎಂಬ ಎರಡು ಪ್ರೋಟೀನ್‌ಗಳಿವೆ. ಇವುಗಳ ರಚನೆ ಬಿಟಿ ಹತ್ತಿಯಲ್ಲಿ ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನನ್ನು ಹೋಲುತ್ತದೆಂದು 2015ರಲ್ಲಿ ತಿಳಿದುಬಂದಿತು. ಹತ್ತಿಯಲ್ಲಿ ರೈತನಿಗೆ ನೆರವಾದ ಉಪಾಯವೇ ಕೊಳದಲ್ಲಿ ಅವನಿಗೆ ಮುಳುವಾಗಿದೆ. ಸಿಗಡಿಗೆ ಯಕೃತ್ತೂ ಮೇದೋಜೀರಕವೂ ಸೇರಿದ ಒಂದೇ ಅಂಗವಿದ್ದು, ಆಹಾರವನ್ನು ಅರಗಿಸಿ ಶೇಖರಿಸುವ ಕೆಲಸ ಅದರದು. ಈ ವಿಷದಿಂದ ಅಲ್ಲಿನ ನಾಳಗಳ ಜೀವಕೋಶಗಳು ಕಳಚಿ ಬೀಳುತ್ತವೆ. ಅಂಗ ಬಿಳಿಚಿ ಕುಗ್ಗುತ್ತದೆ, ಕರುಳು ಬರಿದಾಗುತ್ತದೆ.

ಕಾಯಿಲೆಬಿದ್ದ ಸಿಗಡಿ ಮೇವು ಮುಟ್ಟುವುದಿಲ್ಲ. ಮೇವಿನಲ್ಲಿ ಬೆರೆಸಿದ ಪ್ರತಿಜೈವಿಕ ಅದರ ಹೊಟ್ಟೆಗೆ ಸೇರುವುದಾದರೂ ಹೇಗೆ? ಸೇರಿದರೂ ಆಗಲೇ ಹೊರಬಿದ್ದ ವಿಷವನ್ನು ಅದು ನಿವಾರಿಸಲಾರದು. ಕೊಳಕ್ಕೆ ಕ್ಲೋರಿನ್ ಸುರಿದು ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಂದರೆ, ಪೈಪೋಟಿಯಿಲ್ಲದ ಆ ನೀರಿನಲ್ಲಿ ಮೊದಲು ಹಬ್ಬುವುದು ವೇಗವಾಗಿ ವೃದ್ಧಿಸುವ ವಿಬ್ರಿಯೊವೇ. ಇನ್ನು, ಬದುಕುಳಿದ ಸಿಗಡಿಯಲ್ಲಿ ನಿಷೇಧಿತ ಔಷಧದ ಅಂಶ ಸಿಕ್ಕಿದರೆ ರಫ್ತು ಸರಕು ತಿರಸ್ಕೃತವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ರೋಗಕ್ಕಿಂತ ದೊಡ್ಡ ಹೊಣೆ.

ಪೂರ್ವ ಏಷ್ಯಾದಲ್ಲಿ ಪೂರೈಕೆ ಕುಸಿದು ಬೆಲೆ ಏರಿದ 2013-14ರಲ್ಲಿ ನಮ್ಮ ಸಾಗರೋತ್ಪನ್ನ ರಫ್ತು 500 ಕೋಟಿ ಡಾಲರ್ ಮುಟ್ಟಿತು. ಆ ಲಾಭ ನೆರೆಯವರ ನಷ್ಟದಿಂದಲೂ ಬಂದದ್ದು ಎಂಬುದನ್ನು ಕರಾವಳಿಯ ಉದ್ಯಮಿಗಳು ಮರೆಯಬಾರದು.

ಲೆಕ್ಕದ ದೃಷ್ಟಿಯಿಂದ ಮತ್ತೊಂದು ಮಾತು. ಸಿಗಡಿ ಕೃಷಿಯಲ್ಲಿ ಅತಿ ದೊಡ್ಡ ವೆಚ್ಚ ಮೇವಿನದು. ಈ ರೋಗ ಮೊದಲ ತಿಂಗಳಲ್ಲೇ ಬರುವುದರಿಂದ ಆ ವೆಚ್ಚದ ಬಹುಪಾಲು ಇನ್ನೂ ಆಗಿರುವುದಿಲ್ಲ. ಮುಳುಗುವುದು ಮರಿ, ಕೊಳ ಸಿದ್ಧತೆ ಹಾಗೂ ಗೇಣಿಯ ಹಣ. ಆದ್ದರಿಂದ ಎಚ್ಚರಿಕೆಯ ಹಣ ಮರಿ ಖರೀದಿಯ ಹಂತದಲ್ಲೇ ಖರ್ಚಾಗಬೇಕು. ವಿಷದ ವಂಶವಾಹಿಯನ್ನೇ ಗುರುತಿಸುವ ಪಿಸಿಆರ್ ಪರೀಕ್ಷೆಗೆ ತಗಲುವ ವೆಚ್ಚ ಒಂದು ಕೊಳದ ಮರಿಗಳ ಬೆಲೆಯ ಮುಂದೆ ಅಲ್ಪ. ಮರಿ ಖರೀದಿಯ ಬಿಲ್ಲಿನೊಡನೆ ಆ ವರದಿಯನ್ನೂ ಲಗತ್ತಿಸಿ ಇಡುವಂತೆ ನಾನು ಕಕ್ಷಿದಾರರಿಗೆ ಹೇಳುತ್ತೇನೆ. ಸಾಲ ನೀಡುವ ಬ್ಯಾಂಕುಗಳೂ ಅದನ್ನು ಕೇಳುವುದು ಒಳಿತು.