ಜೂಜಿನೂರಿನ ಆಚೆಯ ಮರಳುಗಾಡು

ಲಾಸ್ ವೇಗಸ್ ಅಂದ್ರೆ ಎಲ್ಲರೂ ತೋರಿಸೋದು ಝಗಮಗ ದೀಪ, ಕ್ಯಾಸಿನೋ. ಎಚ್.ಡಿ. ಕೋಟೆಯಿಂದ ಬಂದ ಅವ್ವನ್ನ, ಮಕ್ಕಳನ್ನ ಕರ್ಕೊಂಡು ಹೋದಾಗ ನಾನು ಕಂಡಿದ್ದೇ ಬೇರೆ.

ವೇಗಸ್ ಇರೋ ನೆವಾಡ ರಾಜ್ಯದಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1931ರಲ್ಲಿ. ಪಕ್ಕದ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟೋಕೆ ಶುರುವಾಗಿದ್ದೂ ಅದೇ ವರ್ಷ. 21 ತುಂಬದ ಮಕ್ಕಳಿಗೆ ಜೂಜಿನ ಮೇಜಿನ ಹತ್ರ ಜಾಗವಿಲ್ಲ. ಸಂಜೆ ಬೆಲಾಜಿಯೊ ಹೋಟೆಲಿನ ಕಾರಂಜಿಯನ್ನ ಕಾಸಿಲ್ಲದೆ ನೋಡಿ ಮಲಗಿಬಿಡಿ. ಬೆಳಗ್ಗೆ ಬೇಗ ಅಣೆಕಟ್ಟಿನ ಕಡೆ ಹೊರಡಿ.

ಅಣೆಕಟ್ಟು 726 ಅಡಿ ಎತ್ತರ. ಅವ್ವ ನೋಡ್ತಾ ನಿಂತಿದ್ದು ಆ ಎತ್ತರವನ್ನಲ್ಲ, ಅದರ ಹಿಂದಿನ ಮೀಡ್ ಜಲಾಶಯದ ಸುತ್ತ ಬಂಡೆಗಳ ಮೇಲಿದ್ದ ಬಿಳಿ ಪಟ್ಟಿಯನ್ನ.

"ನೀರು ಅಲ್ಲೀಗಂಟ ಇತ್ತಾ ಮಗಾ?"

ಇತ್ತು. 2000ನೇ ಇಸವಿಯಿಂದೀಚೆಗಿನ ಬರದಲ್ಲಿ ಇಳಿದ ನೀರು ಬಿಟ್ಟುಹೋದ ಗುರುತು ಅದು. ವೇಗಸ್ ಬಳಸೋ ನೀರಲ್ಲಿ ನೂರಕ್ಕೆ ಸುಮಾರು 90 ಪಾಲು ಈ ನದಿಯದೇ. ಬೇಸಿಗೇಲಿ ನಮ್ಮೂರ ಕಡೆಯ ಕಬಿನಿ ಹಿನ್ನೀರು ಇಳಿದಾಗ, ಮುಳುಗಿದ್ದ ಕಾಕನಕೋಟೆ ಕಾಡಿನ ಒಣ ಬೊಡ್ಡೆಗಳು ಮೇಲೇಳೋದನ್ನ ನೋಡಿದ ಅವ್ವನ ಕಣ್ಣಿಗೆ ಆ ಪಟ್ಟಿ ಥಟ್ ಅಂತ ಅರ್ಥವಾಯ್ತು.

ಅಲ್ಲಿಂದ ವ್ಯಾಲಿ ಆಫ್ ಫೈರ್. ಕೆಂಡದ ಬಣ್ಣದ ಮರಳುಗಲ್ಲು, ಎತ್ತ ನೋಡಿದರೂ! ಜುಲೈನಲ್ಲಿ ಮಾತ್ರ ಬೇಡವೇ ಬೇಡ, ಬಿಸಿಲು 45 ಡಿಗ್ರಿ ಮುಟ್ಟುತ್ತೆ. ಚಳಿಗಾಲವೇ ವಾಸಿ. ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು ಕಾರಲ್ಲಿರಲಿ.

ಬಂಡೆ ನೆರಳಲ್ಲಿ ಕೂತು ಊರಿಂದ ತಂದ ರಾಗಿ ಹುರಿಹಿಟ್ಟು ಕಲಸಿ ತಿಂದ್ವಿ. ಏಳುವಾಗ ಅವ್ವ ಬಾಟಲಿಯಲ್ಲಿ ಉಳಿದ ಒಂದು ಗುಟುಕನ್ನ ಒಣಗಿದ ಗಿಡದ ಬುಡಕ್ಕೆ ಹುಯ್ದಳು.