ಲೀಗ್ ಇಲ್ಲದ ಮೈದಾನಗಳು: ಟೇಪ್ ಹಿಡಿದು ಒಂದು ರವಿವಾರ

ಪರೀಕ್ಷೆ ಮುಗಿದ ಮರುದಿನ ರವಿವಾರ. ನಾವು ಐದು ಮಂದಿ, ಒಂದು ಫುಟ್‌ಬಾಲ್, ಸರ್ವೇ ಪ್ರಾಕ್ಟಿಕಲ್‌ನ 30 ಮೀಟರ್ ಟೇಪ್. ಇಷ್ಟೇ ಸಾಮಾನು. ಒಂದೇ ದಿನದಾಗ ಕಲಬುರಗಿ ಮತ್ತು ಕಮಲಾಪುರದ ಮೂರು ಮೈದಾನ ನೋಡಬೇಕು, ಜಾಗ ಸಿಕ್ಕರೆ ಆಡಬೇಕು ಅನ್ನೋದು ನಮ್ಮ ಪ್ಲಾನ್.

ಈ ಹುಚ್ಚು ನಾವು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್, ಅದರ ಕೆಳಗಿನ ಮೂರು ಡಿವಿಷನ್‌ಗಳ 72 ಕ್ಲಬ್ ಬಿಟ್ಟರೆ ಉಳಿದದ್ದಕ್ಕೆಲ್ಲ ‘ನಾನ್-ಲೀಗ್’ ಅಂತಾರೆ. ಅಲ್ಲಿನ ಅಭಿಮಾನಿಗಳು ರಜೆ ದಿನ ಇಂಥ ಸಣ್ಣ ಸಣ್ಣ ಮೈದಾನಗಳನ್ನು ಒಂದರ ಹಿಂದೊಂದು ಸುತ್ತುತ್ತಾರೆ. ಹೆಸರಿಗೆ ನಾನ್-ಲೀಗ್ ಆದರೂ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಲೀಗ್‌ಗಳಿವೆ. ಗೆದ್ದ ತಂಡ ಮೇಲೆ, ಸೋತ ತಂಡ ಕೆಳಗೆ. ನಾವು ನೋಡಿದ್ದು ಮಾತ್ರ ನಿಜಕ್ಕೂ ಲೀಗ್ ಇಲ್ಲದ ಫುಟ್‌ಬಾಲ್.

ಮೊದಲ ಮೈದಾನ ಎನ್.ವಿ. ಗ್ರೌಂಡ್. ಬೆಳಗ್ಗೆ ಏಳಕ್ಕೇ ಎಷ್ಟು ಕ್ರಿಕೆಟ್ ಪಂದ್ಯ ನಡೀತಿದ್ದವು ಅಂತ ಎಣಿಸೋಕೆ ಹೋಗಿ ಬಿಟ್ಟೆವು. ಒಬ್ಬರ ಲಾಂಗ್ ಆನ್ ಇನ್ನೊಬ್ಬರ ಸ್ಲಿಪ್! ಅಷ್ಟರಾಗ ನಮಗೆ ಒಂದು ಮೂಲೆ ಸಿಕ್ಕಿತು. ಫುಟ್‌ಬಾಲ್ ನಿಯಮದ ಪ್ರಕಾರ ಮೈದಾನ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು. ನಮ್ಮ ಮೂಲೆ ಟೇಪಿನ ಒಂದು ಉದ್ದವೂ ಇರಲಿಲ್ಲ. ಟೆನಿಸ್ ಬಾಲ್ ಕ್ರಿಕೆಟ್ ಇಂಥ ಇಕ್ಕಟ್ಟಿನಲ್ಲೂ ಹೊಂದಿಕೊಳ್ಳುತ್ತೆ. ಫುಟ್‌ಬಾಲ್‌ಗೆ ಹಾಗಾಗೋದಿಲ್ಲ. ಅದಕ್ಕೆ ಇಡೀ ಮೈದಾನ ಒಂದೇ ಹೊತ್ತಿಗೆ ಬೇಕು. ಊರಲ್ಲಿ ಈ ಆಟ ಹಿಂದೆ ಬೀಳೋಕೆ ಆಸಕ್ತಿಯ ಕೊರತೆಗಿಂತ ಜಾಗದ ಲೆಕ್ಕವೇ ದೊಡ್ಡ ಕಾರಣ ಅಂತ ನಮಗೆ ಅಲ್ಲೇ ಅನಿಸ್ತು.

ಎರಡನೆಯದು ಚಂದ್ರಶೇಖರ ಪಾಟೀಲ್ ಕ್ರೀಡಾಂಗಣ. ಗ್ಯಾಲರಿಯಲ್ಲಿ ಕೂತು ಸುಸಲಾ-ಮಿರ್ಚಿ ತಿನ್ನುತ್ತಾ ಒಂದು ಲೆಕ್ಕ ಹಾಕಿದೆವು. ಓಟದ ಟ್ರ್ಯಾಕಿನ ಒಳಗೆ 105 × 68 ಮೀಟರ್ ಫುಟ್‌ಬಾಲ್ ಮೈದಾನ ಕೂರುತ್ತಾ? ಪ್ರಮಾಣಿತ 400 ಮೀಟರ್ ಟ್ರ್ಯಾಕಿನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಮೈದಾನದ ಮೂಲೆ ತಿರುವಿನ ಕೇಂದ್ರದಿಂದ ಉದ್ದಕ್ಕೆ 10.3 ಮೀಟರ್, ಅಗಲಕ್ಕೆ 34 ಮೀಟರ್ ದೂರ. ಪೈಥಾಗೊರಸ್ ಹಾಕಿದರೆ 35.5 ಮೀಟರ್. ಅಂದರೆ ಕೂರುತ್ತೆ, ಆದರೆ ಕಾರ್ನರ್ ಬಾವುಟದ ಹಿಂದೆ ಉಳಿಯೋದು ಒಂದೇ ಮೀಟರ್. ಕಾರ್ನರ್ ಹೊಡೆಯೋಕೆ ಓಡಿ ಬರೋನು ಟ್ರ್ಯಾಕಿನ ಮೇಲಿಂದಲೇ ಬರಬೇಕು! ಒಂದೇ ಕ್ರೀಡಾಂಗಣದಲ್ಲಿ ಎರಡು ಆಟ ಇಟ್ಟಾಗ ಹೊಂದಾಣಿಕೆ ಸೆಂಟಿಮೀಟರ್ ಲೆಕ್ಕದಲ್ಲೇ ನಡೆಯುತ್ತೆ.

ಮಧ್ಯಾಹ್ನ ಹುಮನಾಬಾದ್ ಕಡೆ ಹೋಗೋ ಬಸ್ ಹತ್ತಿ, ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರಕ್ಕೆ ಇಳಿದೆವು. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ಇಳಿದ ಕೂಡಲೇ ತಲಾ ಎರಡು ಹಣ್ಣು ಆಯ್ತು. ಊರ ಅಂಚಿನ ಬಯಲಲ್ಲಿ ಹುಡುಗರು ಕಲ್ಲಿಟ್ಟು ಗೋಲ್ ಮಾಡಿಕೊಂಡು ಆಡ್ತಿದ್ದರು. ಕೆಳಗೆ ಕೆಂಪು ಮೊರಂ.

ಇಲ್ಲಿ ಮಣ್ಣಿನ ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯ ಬಹುಪಾಲು ಎರೆ ಮಣ್ಣು. ಅದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಬೂಟು ಹಿಡ್ಕೊಳ್ಳುತ್ತೆ, ಬ್ಯಾಸಿಗ್ಯಾಗ ಬಿರುಕಿಗೆ ಕಾಲು ಸಿಕ್ಕು ಹಿಮ್ಮಡಿ ಹೊರಳುತ್ತೆ. ಮೊರಂನಲ್ಲಿ ನೀರು ಬೇಗ ಇಳಿಯುತ್ತೆ, ಚೆಂಡು ಸರಿಯಾಗಿ ಪುಟಿಯುತ್ತೆ. ಆದರೆ ಚರ್ಮಕ್ಕೆ ಉಪ್ಪುಕಾಗದ. ನಮ್ಮ ಗೋಲ್‌ಕೀಪರ್ ಮೊದಲ ಡೈವ್‌ಗೇ ಮೊಣಕೈ ಕಿತ್ಕೊಂಡ. ಎದುರಿನ ಗೋಲ್‌ಕೀಪರ್ ಹತ್ತನೇ ಕ್ಲಾಸಿನ ಹುಡುಗ, ಬರಿಗಾಲು. ಡೈವ್ ಮೇಲೆ ಡೈವ್ ಹೊಡೆದರೂ ಕೆಮ್ಮಲಿಲ್ಲ. 4-1ರಲ್ಲಿ ನಾವು ಸೋತೆವು.

ಆಟ ಮುಗಿದ ಮೇಲೆ ಅವನೇ ಬಂದು ಕೇಳಿದ: “ಅಣ್ಣಾ, ನಾ ಲೀಗ್ ಆಡಬೇಕಂದ್ರ ಎಲ್ಲಿ ಹೆಸರು ಕೊಡಬೇಕ್ರಿ?”

ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗ್ಗಿಂದ ಎಲ್ಲ ಅಳೆದಿದ್ದೆವು, ಇದಕ್ಕೆ ಉತ್ತರ ಇರಲಿಲ್ಲ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಲ್ಲಿ ಗೆದ್ದಿದ್ದ 54 ವರ್ಷದ ಮೇಲೆ ಬಂದ ಕಪ್ ಅದು. ಆದರೆ ಅಂಥ ತಂಡಕ್ಕೆ ಏರೋ ಮೆಟ್ಟಿಲು ಬಹುಮಟ್ಟಿಗೆ ಬೆಂಗಳೂರಿನ ಕ್ಲಬ್ ಲೀಗ್‌ಗಳಲ್ಲಿದೆ, ಕಮಲಾಪುರದಿಂದ ಒಂದು ರಾತ್ರಿ ಪ್ರಯಾಣದಷ್ಟು ದೂರ. ಒಂದು ಪಂದ್ಯ ಯಾರೂ ಗೆಲ್ಲಬಹುದು. ಲೀಗ್ ಕೊಡೋದು ಮುಂದಿನ ವಾರದ ಪಂದ್ಯ, ಹೆಸರು ಬರೆದಿಡೋ ಪುಸ್ತಕ, ನೋಡೋ ಕಣ್ಣು. ಅದಿಲ್ಲದಿದ್ದರೆ ಆ ಹುಡುಗನ ಡೈವ್ ನಾವು ಐದು ಮಂದಿ ನೋಡಿದ್ದೇ ಕೊನೆ.

ಲೀಗ್ ಕಟ್ಟೋದು ನಮ್ಮ ಕೈಲಿಲ್ಲ ಅಂತ ಬಸ್ಸಲ್ಲಿ ಮೊದಲು ಅಂದುಕೊಂಡೆವು. ಆಮೇಲೆ ಲೆಕ್ಕ ಶುರು ಆಯ್ತು. ಗೋಲ್ 24 ಅಡಿ ಅಗಲ, 8 ಅಡಿ ಎತ್ತರ. ಒಟ್ಟು 40 ಅಡಿ ಪೈಪ್. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು 20 ಅಡಿಯ ಜಿಐ ಪೈಪ್, ಎರಡು ಸಾಕು ಅನಿಸುತ್ತೆ. ಆದರೆ ಕಂಬಗಳು ಎರಡೆರಡು ಅಡಿ ನೆಲದೊಳಗೆ ಹೋಗಿ ಕಾಂಕ್ರೀಟ್‌ನಲ್ಲಿ ಕೂರಬೇಕು, ಇಲ್ಲದಿದ್ದರೆ ಮಕ್ಕಳು ಜೋತುಬಿದ್ದಾಗ ಗೋಲೇ ಮೈಮೇಲೆ ಬೀಳುತ್ತೆ. ಮೇಲಿನ ಅಡ್ಡಪಟ್ಟಿಗೆ ಒಂದು ಜೋಡಣೆ ಬೇಕೇಬೇಕು, ಅದು ಜೋಲದಂತೆ ವೆಲ್ಡ್ ಆಗಬೇಕು. ಹಾಗಾಗಿ ಗೋಲಿಗೆ ಮೂರು ಪೈಪ್, ಎರಡು ಗೋಲಿಗೆ ಆರು ಅಂತ ಲೆಕ್ಕ ಹಿಡಿದೆವು. ಮೆಕ್ಯಾನಿಕಲ್‌ನವರಿಗೆ ವೆಲ್ಡಿಂಗ್, ಸಿವಿಲ್‌ನವರಿಗೆ ಪಾಯ, ಕಂಪ್ಯೂಟರ್ ಸೈನ್ಸ್‌ನವರಿಗೆ ಪಂದ್ಯಪಟ್ಟಿ. ನಾಲ್ಕು ತಂಡ ಸೇರಿದರೆ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಮ್ಮೆ ಆಡಿದರೆ ಬರೀ 6 ಪಂದ್ಯ. ಮೂರು ರವಿವಾರದ ಕೆಲಸ.

ಮುಂದಿನ ರವಿವಾರ ಮತ್ತೆ ಕಮಲಾಪುರಕ್ಕೆ ಹೊಂಟೀವಿ. ಟೇಪ್ ನಮ್ಮ ಹತ್ತಿರ ಐತಿ. ಪೈಪಿನ ದುಡ್ಡಿಗೆ, ಕೈಕೆಲಸಕ್ಕೆ ಯಾರ್ ಯಾರ್ ಬರ್ತೀರಿ, ಹೇಳ್ರಿ.