ಬಾಗಿದ ಕಂಬಿಯ ಒಳಗುಟ್ಟು

ಮನೆ ಕಟ್ಟುವ ಜಾಗದಲ್ಲಿ ಬಾರ್ ಬೆಂಡಿಂಗ್ ಕಾರ್ಮಿಕರನ್ನು ಗಮನಿಸಿ. ಕಂಬಿಯನ್ನು ತುಸುವೇ ಬಗ್ಗಿಸಿ ಕೈಬಿಟ್ಟರೆ ಅದು ಮೊದಲಿನಂತೆ ನೆಟ್ಟಗಾಗುತ್ತದೆ. ಇನ್ನಷ್ಟು ಬಲ ಪ್ರಯೋಗಿಸಿದರೆ ಬಾಗಿದಲ್ಲಿಯೇ ನಿಲ್ಲುತ್ತದೆ. ಮೊದಲನೆಯದು ಸ್ಥಿತಿಸ್ಥಾಪಕ ಗುಣ. ಎರಡನೆಯದನ್ನು ವಿಜ್ಞಾನಿಗಳು ‘ಪ್ಲಾಸ್ಟಿಕ್ ವಿರೂಪ’ ಎನ್ನುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಎಂದರೆ ಕೊಡ, ಬಕೆಟ್ಟುಗಳ ವಸ್ತುವಲ್ಲ. ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವ ಗುಣ.

ಲೆಕ್ಕ ತಪ್ಪಿದ್ದೆಲ್ಲಿ?

ಲೋಹದೊಳಗೆ ಪರಮಾಣುಗಳು ಹರಳಿನ ರೂಪದಲ್ಲಿ ಸಾಲುಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ಲೋಹ ಬಾಗಬೇಕಾದರೆ ಒಂದು ಪದರ ಇನ್ನೊಂದರ ಮೇಲೆ ಜಾರಬೇಕು. ಇಡೀ ಪದರ ಒಮ್ಮೆಲೇ ಜಾರಲು ಬೇಕಾಗುವ ಬಲವನ್ನು 1926ರಲ್ಲಿ ಸೋವಿಯತ್ ಭೌತವಿಜ್ಞಾನಿ ಯಾಕೊವ್ ಫ್ರೆಂಕೆಲ್ ಅಂದಾಜು ಮಾಡಿದರು. ಆದರೆ ಶುದ್ಧ ಲೋಹದ ಹರಳುಗಳು ಅದರ ಸಾವಿರದಲ್ಲೊಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ ಬಲಕ್ಕೆ ಬಾಗುತ್ತಿದ್ದವು!

ಈ ಒಗಟಿಗೆ 1934ರಲ್ಲಿ ಜಿ.ಐ. ಟೇಲರ್, ಎಗಾನ್ ಒರೊವಾನ್ ಮತ್ತು ಮೈಕೆಲ್ ಪೊಲಾನಿ ಪ್ರತ್ಯೇಕವಾಗಿ ಒಂದೇ ಉತ್ತರ ನೀಡಿದರು. ಹರಳು ದೋಷರಹಿತವಲ್ಲ, ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಇದೇ ‘ಡಿಸ್‌ಲೊಕೇಶನ್’. ಹಾಸಿದ ದೊಡ್ಡ ಜಮಖಾನವನ್ನು ಒಮ್ಮೆಲೇ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಮಡಿಕೆ ಎಬ್ಬಿಸಿ ಅದನ್ನು ಇನ್ನೊಂದು ಅಂಚಿಗೆ ತಳ್ಳಿದರೆ ಜಮಖಾನ ಸುಲಭವಾಗಿ ಸರಿಯುತ್ತದೆ. ಲೋಹದಲ್ಲಿಯೂ ಈ ದೋಷರೇಖೆ ಚಲಿಸಿದಂತೆ ಪದರ ಸ್ವಲ್ಪಸ್ವಲ್ಪವಾಗಿ ಜಾರುತ್ತದೆ. 1956ರಲ್ಲಿ ಕೇಂಬ್ರಿಜ್‌ನಲ್ಲಿ ಪೀಟರ್ ಹರ್ಷ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಹಾಳೆಯಲ್ಲಿ ಈ ಚಲನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಮತ್ತೆ ಮತ್ತೆ ಬಗ್ಗಿಸಿದರೆ?

ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಅದು ಗಡುಸಾಗಿ ಕೊನೆಗೆ ತುಂಡಾಗುತ್ತದೆ. ಬಾಗಿದಷ್ಟೂ ಡಿಸ್‌ಲೊಕೇಶನ್‌ಗಳ ಸಂಖ್ಯೆ ಹೆಚ್ಚಿ, ಸಿಕ್ಕುಬಿದ್ದ ನೂಲಿನಂತೆ ಒಂದರ ದಾರಿಗೆ ಇನ್ನೊಂದು ಅಡ್ಡಬರುವುದೇ ಗಡುಸಾಗಲು ಕಾರಣ. ತಾಮ್ರದ ಪಾತ್ರೆ ಬಡಿಯುವವರು ನಡುನಡುವೆ ಅದನ್ನು ಕಾಯಿಸುವುದು ಇದಕ್ಕಾಗಿಯೇ. ಕಾವಿಗೆ ಸಿಕ್ಕು ಬಿಡಿಸಿಕೊಂಡು ಲೋಹ ಮತ್ತೆ ಮೃದುವಾಗುತ್ತದೆ.

ಆದರೆ ಟಿಎಂಟಿ ಕಂಬಿಗೆ ಈ ಉಪಾಯ ಸಲ್ಲದು. ಅದರ ಹೊರಕವಚವನ್ನು ಕಾರ್ಖಾನೆಯಲ್ಲಿ ನೀರಿನಿಂದ ಥಟ್ಟನೆ ತಣಿಸಿ ಗಟ್ಟಿಗೊಳಿಸಿರುತ್ತಾರೆ. ಕೆಂಪಗೆ ಕಾಯಿಸಿದರೆ ಆ ಬಲವೇ ಹೋಗುತ್ತದೆ. ಬಾಗಿದ ಕಂಬಿಯನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುವುದೂ ಅಪಾಯಕರ.

ಜೀವ ಉಳಿಸುವ ಗುಣ

2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿಯೂ ಬಹುಮಹಡಿ ಕಟ್ಟಡಗಳು ಕುಸಿದವು. ಕಾಂಕ್ರೀಟ್ ಎಳೆತಕ್ಕೆ ಬಿರುಕು ಬಿಡುವ ವಸ್ತು. ಸರಿಯಾಗಿ ಕಟ್ಟಿದ ಕಂಬಿ ಮುರಿಯದೆ ಹಿಗ್ಗಿದರೆ ಭೂಕಂಪದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕಟ್ಟಡ ವಾಲಿದರೂ ಒಳಗಿದ್ದವರಿಗೆ ಹೊರಬರಲು ಸಮಯ ಸಿಗುತ್ತದೆ.

ಭಾರತೀಯ ಮಾನದಂಡ ಐಎಸ್ 1786ರ ಪ್ರಕಾರ ‘ಎಫ್‌ಇ 500’ ಕಂಬಿ ತುಂಡಾಗುವ ಮುನ್ನ ಕನಿಷ್ಠ ಶೇ. 12ರಷ್ಟು ಹಿಗ್ಗಬೇಕು, ‘500ಡಿ’ ಆದರೆ ಶೇ. 16ರಷ್ಟು. ಎರಡರ ಬಲದ ದರ್ಜೆ ಒಂದೇ, ಹಿಗ್ಗುವ ಗುಣ ಬೇರೆ. ಮನೆ ಕಟ್ಟಿಸುವವರು ಕಂಬಿಯ ದರದ ಜೊತೆಗೆ ಈ ‘ಡಿ’ ಅಕ್ಷರವನ್ನೂ ವಿಚಾರಿಸುವುದು ಒಳಿತು.